ಬಸ್ಸಿನ ಚಿತ್ರವಿದ್ದ ಬಟನ್ನು

ರಜೆ ಮುಗಿದು, ಮಳೆ ಹಿಡಿದ ಮೇಲೆ ನಮ್ಮ ಲ್ಯಾಬಿನ ಬೀಗ ತೆಗೆದು ಕಂಪ್ಯೂಟರುಗಳನ್ನು ಆನ್ ಮಾಡಿದರೆ ಒಂದು ವಾಸನೆ ಬರುತ್ತದೆ. ತೇವ ಕುಡಿದ ಧೂಳು ಒಳಗೆ ಬಿಸಿಯಾಗುವ ವಾಸನೆ. ಹಳೆ ಚಾಪೆಗೆ ಇಸ್ತ್ರಿ ಹಾಕಿದ ಹಾಗಿರುತ್ತದೆ. ಹುಡುಗಿಯರು ಮೂಗು ಮುಚ್ಚಿಕೊಂಡು, "ಎಂತ ಮೇಡಂ ಇದು, ಶಾರ್ಟ್ ಸರ್ಕ್ಯೂಟಾ?" ಎಂದು ಕೇಳುತ್ತಾರೆ. "ಅಲ್ಲ, ಜೂನ್ ತಿಂಗಳು" ಎನ್ನುತ್ತೇನೆ. ಅವರು ನಗುತ್ತಾರೆ. ನಾನು ಹಾಜರಿ ಕರೆಯುವುದನ್ನು ಬಿಟ್ಟು ವರಾಂಡಕ್ಕೆ ಬಂದು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಈ ವರ್ಷವೂ ನಿಂತೆ.

ಮಣಿಪಾಲದ ಹತ್ತಿರದ ಒಂದು ಕಾಲೇಜಿನಲ್ಲಿ ನಾನು ಜಾವಾ ಲ್ಯಾಬು ನೋಡಿಕೊಳ್ಳುವವಳು. ಮನೆ ಅಂಬಲಪಾಡಿಯಲ್ಲಿ. ಈ ವಾಸನೆಯೇ ಇದ್ದ ಒಂದು ಪುಟ್ಟ ಪೆಟ್ಟಿಗೆಗಾಗಿ ಒಂದು ಮಳೆಗಾಲ ನಾನು ಕಾಪುವಿಗೂ ಮಣಿಪಾಲಕ್ಕೂ ಓಡಾಡಿದ್ದೆ. ನನ್ನ ವಸಂತಿ ಅಕ್ಕನ ಕೊನೆಯ ಮಳೆಗಾಲ ಅದು.

ಅಕ್ಕ ಬೆಳ್ಮಣ್ಣಿನ ಕಡೆಯ ಒಂದು ಶಾಲೆಯಲ್ಲಿ ಟೀಚರಾಗಿದ್ದಳು. ಭಾವ, ಅಂದರೆ ಸಂಜೀವಣ್ಣ, ಕಾರ್ಕಳದಿಂದ ಬೆಳ್ಮಣ್, ಪಡುಬಿದ್ರಿ, ಕಾಪು ದಾರಿಯಾಗಿ ಉಡುಪಿಗೆ ಬರುವ ಬಸ್ಸಿನ ಕಂಡಕ್ಟರು. ಅವರ ಮದುವೆಯಾದದ್ದೇ ಆ ಬಸ್ಸಿನಿಂದ. ಭಾವನಿಗೆ ಮೊದಲಿನಿಂದಲೂ ಮಾತಿನ ಚಟ. ಬಸ್ಸು ನಿಲ್ಲಿಸಿ ಅಂಗಡಿಯವನ ಹತ್ತಿರ ಊರಿನ ಸುದ್ದಿ ಮಾತಾಡುತ್ತಾ ನಿಂತರೆ ಮುಂದಿನ ಸೀಟಿನಲ್ಲಿ ಕೂತ ಟೀಚರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕಂಡಕ್ಟರೇ, ಪೋಯಿ ಹೇಳುದಿಲ್ವಾ? ನಮ್ಮ ಶಾಲೆಯಲ್ಲಿ ಗಂಟೆ ಹೊಡೆದಾಯ್ತು" ಎನ್ನುತ್ತಿದ್ದಳು. ನಮ್ಮ ಕಡೆಯ ಬಸ್ಸುಗಳು "ರೈಟ್, ಪೋಯಿ" ಎನ್ನದೆ ಹೊರಡುವುದಿಲ್ಲ. ಪೋಯಿ ಅಂದರೆ ತುಳುವಿನಲ್ಲಿ ಹೋಗೋಣ ಎಂದು. ಮದುವೆಯಾಗಿ ಮೂವತ್ತು ವರ್ಷ ಕಳೆದ ಮೇಲೂ ಭಾವ ಯಾರದಾದರೂ ಮನೆಯಲ್ಲಿ ಮಾತಿಗೆ ಕೂತು ಏಳದಿದ್ದರೆ ಅಕ್ಕ ಅದನ್ನೇ ಹೇಳುತ್ತಿದ್ದಳು: "ಕಂಡಕ್ಟರೇ, ಪೋಯಿ ಹೇಳಿ." ಭಾವ ಚಪ್ಪಲಿ ಹುಡುಕಲು ಶುರು ಮಾಡುತ್ತಿದ್ದರು.

ಆ ಅಕ್ಕನ ನಾಲಗೆಯೇ ಮೊದಲು ತೊದಲಿತು. ಆಮೇಲೆ ಕೈ, ಆಮೇಲೆ ಕಾಲು. ನರಗಳು ಒಂದೊಂದಾಗಿ ಸಾಯುವ ಕಾಯಿಲೆಯಂತೆ. ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: ಮದ್ದಿಲ್ಲ, ಬುದ್ಧಿ ಮಾತ್ರ ಕೊನೆಯವರೆಗೆ ಚುರುಕಾಗಿರುತ್ತದೆ. ಅದನ್ನು ಸಮಾಧಾನದ ಮಾತಿನ ಹಾಗೆ ಹೇಳಿದರಲ್ಲ, ನನಗೆ ಹೊಟ್ಟೆ ಉರಿದುಹೋಯಿತು. ಎಲ್ಲ ಗೊತ್ತಾಗುತ್ತಾ, ಒಂದನ್ನೂ ಹೇಳಲಾಗದೆ ಬಿದ್ದಿರುವುದು ಯಾವ ಭಾಗ್ಯ?

ನಾನು ಇಪ್ಪತ್ತು ವರ್ಷ ಹುಡುಗರಿಗೆ ಜಾವಾ ಹೇಳಿಕೊಟ್ಟವಳು. ಅದರಿಂದ ಜಗತ್ತಿಗೆ ಮೂರು ಕಾಸಿನ ಉಪಕಾರವಾಗಿಲ್ಲ. ಇದೊಂದಾದರೂ ಆಗಲಿ ಎಂದು ಒಂದು ಪ್ರೋಗ್ರಾಮು ಬರೆದೆ. ಪರದೆಯ ಮೇಲೆ ಚಿತ್ರಗಳು, ಚಿತ್ರದ ಕೆಳಗೆ ಮಾತು. ಒಂದು ಬೆಳಕಿನ ಚೌಕ ಚಿತ್ರದಿಂದ ಚಿತ್ರಕ್ಕೆ ಸರಿಯುತ್ತಾ ಹೋಗುತ್ತದೆ. ಬೇಕಾದ ಚಿತ್ರಕ್ಕೆ ಬಂದಾಗ ಅಕ್ಕ ಬೆರಳಡಿಯ ಸ್ವಿಚ್ಚು ಒತ್ತಿದರೆ ಅವಳದೇ ದನಿ ಹೊರಗೆ ಬರುತ್ತದೆ. ದನಿ ಪೂರ್ತಿ ಹೋಗುವ ಮೊದಲೇ ಎಲ್ಲ ಮಾತುಗಳನ್ನೂ ಅವಳಿಂದಲೇ ಹೇಳಿಸಿ ಹಿಡಿದಿಟ್ಟುಕೊಂಡೆವು. ಮಾವಿನಮಿಡಿಯ ಕಾಲ. ಕಾಪುವಿನ ಅವರ ಮನೆಯ ಒಳಕೋಣೆಯಲ್ಲಿ ಕಿಟಕಿಗೆ ಹೊದಿಕೆ ಕಟ್ಟಿ, ಫ್ಯಾನು ಆರಿಸಿ, ಬೆವರು ಸುರಿಸಿಕೊಂಡು ಕೂತೆವು. ನೀರು ಬೇಕು. ಚಳಿಯಾಗುತ್ತದೆ. ಟಿವಿ ಸಣ್ಣ ಮಾಡಿ. ಗಂಜಿಗೆ ಉಪ್ಪಿಲ್ಲ. ಸಂಜೆಯಾಯಿತು, ದೀಪ ಹಚ್ಚಿ. ಎಲ್ಲ ತುಳುವಿನಲ್ಲಿ, ನಮ್ಮ ಮನೆಮಾತು ಅದೇ, ಓದುವವರಿಗೆಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಭಾವನಿಗೆಂದೇ ಒಂದು ಪುಟ ತುಂಬ ಬೈಗುಳಗಳನ್ನೂ ಹೇಳಿಟ್ಟಳು. "ಇಷ್ಟು ಬೇಕಾ ಮಾರಾಯ್ತಿ?" ಎಂದು ಭಾವ ಕೇಳಿದರೆ, "ಸಾಕಾಗ್ಲಿಕ್ಕಿಲ್ಲ" ಎಂದಳು, ತೊದಲುತ್ತಲೇ.

ಕೊನೆಗೆ ಒಂದು ಮಾತು ಉಳಿದಿದೆ, ನೀವಿಬ್ಬರೂ ಹೊರಗೆ ಹೋಗಿ ಎಂದಳು. ನಾನು ಮೈಕು ಹಚ್ಚಿಕೊಟ್ಟು, ಬಾಗಿಲು ಎಳೆದುಕೊಂಡು ಜಗಲಿಗೆ ಬಂದೆ. ಭಾವ ಅಂಗಳದಲ್ಲಿ ತೆಂಗಿನಗರಿ ಸೀಳುತ್ತಾ ಕೂತಿದ್ದರು. ಬಾಗಿಲು ತೆರೆದಾಗ ಅಕ್ಕನ ಕಣ್ಣು ಒದ್ದೆಯಾಗಿತ್ತು.

"ಇದನ್ನು ಬೇರೆ ಪುಟದಲ್ಲಿ ಹಾಕು. ಎಲ್ಲದಕ್ಕಿಂತ ಕೊನೆಗೆ. ಚಿತ್ರ ಬಸ್ಸಿನದ್ದು."

"ಕೆಳಗೆ ಎಂತ ಬರೆಯುದು?"

"ಪೋಪೆ."

ಪೋಪೆ ಅಂದರೆ ಹೋಗುತ್ತೇನೆ. ನಮ್ಮಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಅಂಗಡಿಗೆ ಹೊರಟರೂ, ದುಬೈಗೆ ಹೊರಟರೂ "ಬರ್ಪೆ" ಎನ್ನಬೇಕು, ಬರುತ್ತೇನೆ ಎಂದು. ಬರುವ ಉದ್ದೇಶವಿಲ್ಲದವರು ಮಾತ್ರ ಹೋಗುವವರು. ಚಿಕ್ಕಂದಿನಲ್ಲಿ ಒಮ್ಮೆ ಬಾಯಿ ತಪ್ಪಿ ಪೋಪೆ ಎಂದದ್ದಕ್ಕೆ ಅಮ್ಮ ನನ್ನನ್ನು ಹೊಸ್ತಿಲಿನಿಂದ ವಾಪಸು ಕರೆದು, ಕೂರಿಸಿ, ನೀರು ಕುಡಿಸಿ, ಸರಿಯಾಗಿ ಹೇಳಿಸಿ ಕಳಿಸಿದ್ದಳು.

"ನೀನು ಕೇಳಬಾರದು ಸುಮ" ಎಂದಳು ಅಕ್ಕ. "ಇವರೂ ಈಗ ಕೇಳಬಾರದು. ಆ ಹೊತ್ತು ಬಂದಾಗ ನಾನೇ ಒತ್ತುತ್ತೇನೆ."

ಸರಿ ಎಂದೆ. ಬಸ್ಸಿನ ಚಿತ್ರ ಹಾಕಿದೆ, ದನಿಯನ್ನು ಕೇಳದೆಯೇ ಅದರ ಜಾಗದಲ್ಲಿ ಸೇರಿಸಿದೆ. ಮಾತು ಕೊಟ್ಟ ಮೇಲೆ ಕೊಟ್ಟದ್ದೇ.

ಆ ಪ್ರೋಗ್ರಾಮು ಓಡಬೇಕಾದದ್ದು ಯಾವುದೋ ಆಫೀಸಿನವರು ಹಳತಾಯಿತೆಂದು ಬಿಸಾಡಿದ ಅಂಗೈಯಗಲದ ಕಂಪ್ಯೂಟರ್ ಪೆಟ್ಟಿಗೆಯಲ್ಲಿ. ಸದ್ದಿಲ್ಲ, ಮಂಚದ ಬದಿಗೆ ತೂಗುಹಾಕಬಹುದು, ಪುಕ್ಕಟೆ ಸಿಗುವ ಲಿನಕ್ಸ್ ವ್ಯವಸ್ಥೆ ಹಾಕಿದರೆ ಹೇಗೋ ನಡೆಯುತ್ತದೆ. ಆದರೆ ಜಾವಾ ಅನ್ನುವುದು ದೊಡ್ಡ ಸಂಸಾರ. ಒಂದು ಸಣ್ಣ ಪ್ರೋಗ್ರಾಮು ಓಡಬೇಕಾದರೂ ಅದರ ಯಜಮಾನ, ಆಳುಕಾಳು, ಅಡುಗೆಯವರು ಎಲ್ಲರೂ ಮೊದಲು ಬಂದು ಮನೆಯಲ್ಲಿ ಇಳಿಯಬೇಕು. ಪೆಟ್ಟಿಗೆಯಲ್ಲಿ ಅಷ್ಟು ಜನಕ್ಕೆ ಜಾಗವಿಲ್ಲ. ಅಕ್ಕ ಸ್ವಿಚ್ಚು ಒತ್ತಿದರೆ ಚಿತ್ರ ಬೆಳಗುತ್ತಿತ್ತು, ಪೆಟ್ಟಿಗೆ ಒಳಗೊಳಗೇ ಗುರುಗುರು ಎನ್ನುತ್ತಿತ್ತು, ಒಂದು ಲೋಟ ನೀರು ಕುಡಿದು ಕೆಳಗಿಡುವಷ್ಟು ಹೊತ್ತಾದ ಮೇಲೆ ಮಾತು ಬರುತ್ತಿತ್ತು. ಕಾಪುವಿನಲ್ಲಿ ಮಳೆ ಹಿಡಿದರೆ ಕರೆಂಟು ಹೋಗುವುದು, ಬರುವುದು ಗಾಳಿಯ ಇಷ್ಟ. ಒಮ್ಮೆ ಹೋಗಿ ಬಂದರೆ ಇಡೀ ಸಂಸಾರ ಮತ್ತೆ ಮೊದಲಿನಿಂದ ಇಳಿಯಬೇಕು. ಅಷ್ಟು ಹೊತ್ತು ಅಕ್ಕ ಮೂಕಿ.

ತಡವಾಗಿ ಬಂದ ಮಾತಿಗಿಂತ ಮಾತಿಲ್ಲದಿರುವುದೇ ವಾಸಿ ಎಂದು ನನಗೆ ಗೊತ್ತಾದದ್ದು ಒಂದು ಭಾನುವಾರ. ಅಕ್ಕನ ಹಳೆಯ ಸಹೋದ್ಯೋಗಿಗಳು ಇಬ್ಬರು ಕಾರ್ಕಳದಿಂದ ನೋಡಲು ಬಂದಿದ್ದರು. ಅಕ್ಕನ ತಲೆಯ ಮೇಲಿನಿಂದಲೇ, ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬ ಹಾಗೆ, "ಪಾಪ, ಇವರಿಗೆ ಈಗ ಗುರುತು ಸಿಗ್ತದಾ?" ಎಂದು ಭಾವನನ್ನು ಕೇಳಿದರು. ಅಕ್ಕನ ಬೆರಳು ಒತ್ತಿತು. ಪೆಟ್ಟಿಗೆ ಗುರುಗುಟ್ಟಿತು, ಆ ದಿನ ಎಂದಿಗಿಂತ ಹೆಚ್ಚು ಹೊತ್ತು. ಅವರು ಚಾ ಕುಡಿದರು, ಮಳೆಯ ಮಾತಾಡಿದರು, ಕೊಡೆ ಬಿಚ್ಚಿಕೊಂಡು ಅಂಗಳ ದಾಟಿದರು. ಆಮೇಲೆ ಖಾಲಿ ಕುರ್ಚಿಗಳಿಗೆ ಅಕ್ಕನ ದನಿ ಹೇಳಿತು: "ನನಗೆ ಎಲ್ಲ ಗೊತ್ತಾಗ್ತದೆ." ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಅಕ್ಕ ಗೋಡೆಯ ಕಡೆಗೆ ಕಣ್ಣು ತಿರುಗಿಸಿದಳು. ಕತ್ತು ತಿರುಗಿಸಲು ಆಗ ಅವಳಿಂದ ಆಗುತ್ತಿರಲಿಲ್ಲ.

ಜಾವಾ ಪ್ರೋಗ್ರಾಮನ್ನು ಆ ಸಂಸಾರದ ಹಂಗಿಲ್ಲದೆ, ಒಂದೇ ಒಂದು ಫೈಲಾಗಿ, ಲಿನಕ್ಸಿನಲ್ಲಿ ತಾನೇ ಓಡುವ ಹಾಗೆ ಕಟ್ಟುವ ವಿಧಾನ ಉಂಟೆಂದು ಓದಿದ್ದೆ. ಹಾಗೆ ಕಟ್ಟಿದ್ದು ಒತ್ತಿದ ಕ್ಷಣಕ್ಕೆ ಏಳುತ್ತದೆ, ಜಾಗವೂ ಸ್ವಲ್ಪವೇ ಸಾಕು. ಆದರೆ ಕಟ್ಟುವ ಕೆಲಸಕ್ಕೆ ಮಾತ್ರ ಬಲವಾದ ಕಂಪ್ಯೂಟರು ಬೇಕು. ಹಲ್ಲಿದ್ದಲ್ಲಿ ಕಡಲೆಯಿಲ್ಲ, ಕಡಲೆಯಿದ್ದಲ್ಲಿ ಹಲ್ಲಿಲ್ಲ. ಮಣಿಪಾಲದ ಲ್ಯಾಬಿನಲ್ಲಿ ತರಗತಿ ಮುಗಿದ ಮೇಲೆ ಕಟ್ಟುವುದು, ಬಸ್ಸು ಹತ್ತಿ ಕಾಪುವಿಗೆ ಹೋಗಿ ಪೆಟ್ಟಿಗೆಗೆ ಹಾಕುವುದು, ಅದು ಓಡದಿದ್ದರೆ ಮುಖ ಸಣ್ಣ ಮಾಡಿಕೊಂಡು ವಾಪಸು ಬರುವುದು, ಇದೇ ಆಯಿತು. ಕಟ್ಟುತ್ತಾ ಇರುವಾಗಲೇ ಕರೆಂಟು ಹೋಗಿ ಎಲ್ಲ ನೀರಿನಲ್ಲಿ ಹೋಮವಾದದ್ದುಂಟು. ಒಮ್ಮೆ ಹೊಸ ಲಿನಕ್ಸಿನಲ್ಲಿ ಕಟ್ಟಿದ್ದನ್ನು ಹಳೆಯ ಪೆಟ್ಟಿಗೆ ಮುಟ್ಟಲೂ ಒಪ್ಪಲಿಲ್ಲ. ಅದರಷ್ಟೇ ಹಳೆಯ ಲಿನಕ್ಸು ಹುಡುಕಿ ಅದರಲ್ಲೇ ಕಟ್ಟಬೇಕಾಯಿತು. ಇನ್ನೊಮ್ಮೆ ಕನ್ನಡ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು. ವಿಭಾಗದ ಒಬ್ಬರು ಇಣುಕಿ, "ಮೇಡಂ, ಇದಕ್ಕೆಲ್ಲ ಮೊಬೈಲ್ ಆ್ಯಪ್ ಉಂಟಲ್ವಾ?" ಎಂದರು. ಇದೆ, ತುಳುವಿನಲ್ಲಿ ನಮ್ಮ ಅಕ್ಕನ ದನಿಯಲ್ಲಿ ಬೈಯುವ ಆ್ಯಪು ಇದ್ದರೆ ಕೊಡಿ ಎಂದೆ. ಅವರು ಮತ್ತೆ ಆ ಕಡೆ ಬರಲಿಲ್ಲ.

ಅಂತೂ ಒಂದು ಫೈಲು ಓಡಿತು. ಪಟಕ್ಕನೆ ಎದ್ದಿತು. ಆದರೆ ಚಿತ್ರವೂ ಇಲ್ಲ, ದನಿಯೂ ಇಲ್ಲ. ಆಗ ಕೂತು ಓದಿದೆ. ಕಟ್ಟುವ ಸಾಧನದ ಸ್ವಭಾವವೇ ಹಾಗೆ. ಪ್ರೋಗ್ರಾಮಿನ ಮುಂಬಾಗಿಲಿನಿಂದ ಹೊರಟು ಯಾರು ಯಾರನ್ನು ಕರೆಯುತ್ತಾರೆ ಎಂದು ನೋಡುತ್ತಾ ಹೋಗುತ್ತದೆ. ಯಾರೂ ಕರೆಯುವುದು ಕಾಣಿಸದಿದ್ದರೆ ಅದು ಬೇಡದ ಸಾಮಾನು ಎಂದು ಹೊರಗೆ ಬಿಸಾಡುತ್ತದೆ. ಅಕ್ಕನ ದನಿಗಳನ್ನು ನನ್ನ ಪ್ರೋಗ್ರಾಮು ಬಟನ್ನು ಒತ್ತಿದ ಮೇಲೆಯೇ ಹೆಸರು ಹಿಡಿದು ಕರೆಯುವುದು. ಮೊದಲೇ ನೋಡಿದರೆ ಅವು ಯಾರಿಗೂ ಬೇಡದವು. ಹಾಗಾಗಿ ಎಲ್ಲವೂ ಹೊರಗೆ.

ಅದಕ್ಕೆ ಉಪಾಯವನ್ನೂ ಆ ಸಾಧನ ಮಾಡಿದವರೇ ಕೊಟ್ಟಿದ್ದರು. ಜಾವಾ ಪ್ರೋಗ್ರಾಮನ್ನು ಹಳೆಯ ರೀತಿಯಲ್ಲೇ ಓಡಿಸುತ್ತಾ, ಜೊತೆಗೆ ಏಜೆಂಟು ಎಂಬ ಒಂದು ಕಾವಲನ್ನು ಕೂರಿಸಬೇಕು. ಆಗ ತೆರೆದ ಪುಟದ ಚಿತ್ರಗಳನ್ನೂ, ಒತ್ತಿದ ಬಟನ್ನಿನ ದನಿಯನ್ನೂ ಏಜೆಂಟು ಗುರುತಿಟ್ಟುಕೊಳ್ಳುತ್ತದೆ. ಕಟ್ಟುವಾಗ ಅವನ್ನೆಲ್ಲ ಫೈಲಿನ ಒಳಗೆ ಸೇರಿಸುತ್ತದೆ. ಎಲ್ಲ ದನಿಗಳನ್ನೂ ಕಣ್ಣುಮುಚ್ಚಿ ಸೇರಿಸು ಎಂದು ಒಂದು ಸಾಲು ಕೈಯಲ್ಲೇ ಬರೆಯಬಹುದಿತ್ತಲ್ಲ ಎಂದು ತಿಳಿದವರು ಈಗ ಹೇಳುತ್ತಾರೆ. ಆಗ ಇವರೆಲ್ಲ ಎಲ್ಲಿ ಹೋಗಿದ್ದರೋ. ಏಜೆಂಟೇ ಎಲ್ಲ ನೋಡಿಕೊಳ್ಳುತ್ತದೆ ಎಂದು ಪುಸ್ತಕ ಹೇಳಿತ್ತು, ನಾನು ನಂಬಿದೆ.

ಸ್ವಿಚ್ಚು, ಸ್ಪೀಕರು ಎಲ್ಲ ಇದ್ದದ್ದು ಕಾಪುವಿನಲ್ಲಿ, ಹಾಗಾಗಿ ಅದು ಅಲ್ಲಿಯೇ ಆಗಬೇಕಿತ್ತು. ಏಜೆಂಟು ಸೇರಿದ ಮೇಲಂತೂ ಪೆಟ್ಟಿಗೆ ಆಮೆಗಿಂತ ಕಡೆ. ಒಂದು ಬಟನ್ನು ಒತ್ತಿ, ಮಾತು ಮುಗಿಯುವವರೆಗೆ ಕಾದು, ಇನ್ನೊಂದು ಒತ್ತಬೇಕು. ಇಡೀ ದಿನದ ಕೆಲಸ. ಅಕ್ಕನ ಬೆರಳಿಗೆ ಅಷ್ಟು ಶಕ್ತಿಯಿಲ್ಲ. ನನಗೆ ಪರೀಕ್ಷೆಯ ಡ್ಯೂಟಿ. ಭಾವನಿಗೆ ಮೌಸು ಕೊಟ್ಟು ಕೂರಿಸಿದೆ.

"ಏಜೆಂಟ್ ಅಂದ್ರೆ ನಮ್ಮ ಬಸ್ ಸ್ಟ್ಯಾಂಡಿನ ಏಜೆಂಟನ ಹಾಗೆಯಾ?" ಎಂದರು ಭಾವ.

"ಹೆಚ್ಚು ಕಡಿಮೆ ಹಾಗೇ. ನೀವು ಒತ್ತಿದ್ದೆಲ್ಲ ಅವನ ಕಣ್ಣಿಗೆ ಬೀಳ್ತದೆ. ಒಂದೂ ಬಿಡಬೇಡಿ ಭಾವ. ಎಲ್ಲ ಪುಟ, ಎಲ್ಲ ಬಟನ್."

"ಪ್ಯಾಸೆಂಜರು ಬಿಟ್ಟು ಬಂದವನಾ ನಾನು?" ಎಂದರು.

ಮರುದಿನ ಸಂಜೆ ಹೋದಾಗ ಎಲ್ಲ ಆಯಿತು ಎಂದರು. ಪೆಟ್ಟಿಗೆಯನ್ನು ಮಣಿಪಾಲಕ್ಕೆ ತಂದು, ಕಟ್ಟಿ, ವಾಪಸು ಒಯ್ದು ಅಕ್ಕನ ಮಂಚಕ್ಕೆ ತಗುಲಿಸಿದೆ. ಪೆಟ್ಟಿಗೆ ಕಣ್ಣು ಬಿಟ್ಟಿತು. ಅಕ್ಕ ಒತ್ತಿದಳು. ಒತ್ತಿದ್ದೇ ತಡ, ಅವಳ ದನಿ: "ಇವರೇ, ನಿಮ್ಮ ಬಾಯಿಗೊಂದು ಬ್ರೇಕಿಲ್ವಾ?" ಭಾವ ಆಗ ನನಗೆ ಏನೋ ಹೇಳುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಆಮೇಲೆ ನಗಲು ಶುರು ಮಾಡಿದವರಿಗೆ ನಿಲ್ಲಿಸಲಾಗಲಿಲ್ಲ, ಹೆಗಲ ಬೈರಾಸಿನಿಂದ ಕಣ್ಣು ಒರೆಸಿಕೊಂಡರು. ಅಕ್ಕನಿಗೆ ನಗಲು ತುಟಿ ಬರುತ್ತಿರಲಿಲ್ಲ, ಕಣ್ಣಿನಲ್ಲೇ ನಕ್ಕಳು. ನಾನು ನೀರು ಬೇಕು, ಗಂಜಿ, ನೋವು, ಮಗ್ಗುಲು ತಿರುಗಿಸಿ ಎಂದು ಪುಟಪುಟವಾಗಿ ಒತ್ತಿ ನೋಡಿದೆ. ಎಲ್ಲ ಮಾತಾಡಿತು. ಕೊನೆಯ ಪುಟ ಬಂದಾಗ ಬಸ್ಸಿನ ಚಿತ್ರ ಕಂಡಿತು. ಕೇಳಬಾರದು ಎಂದಿದ್ದಳಲ್ಲ; ಮುಚ್ಚಿದೆ.

ಆ ಸಂತೋಷಕ್ಕೆ ಆಯುಷ್ಯವಿರಲಿಲ್ಲ. ಆಟಿ ಹುಟ್ಟಿತು. ಒಳ್ಳೆಯ ಕೆಲಸ ಯಾವುದನ್ನೂ ಶುರು ಮಾಡದ ತಿಂಗಳು. ಕಡಲು ಹಗಲೂ ಇರುಳೂ ಒಂದೇ ಸಮನೆ ಮೊರೆಯುತ್ತಿತ್ತು, ಕಾಪುವಿನ ಆ ಮನೆಯಲ್ಲಿ ಬಟ್ಟೆ ಒಣಗುವುದನ್ನೇ ಮರೆತಿತ್ತು. ಅಕ್ಕನಿಗೆ ಉಸಿರು ಎಳೆದುಕೊಳ್ಳುವುದೇ ದೊಡ್ಡ ಕೆಲಸವಾಯಿತು. ಒಂದು ಬೆಳಗ್ಗೆ ನಾನು ಲ್ಯಾಬಿನಲ್ಲಿರುವಾಗ ಭಾವನ ಫೋನು: "ಸುಮ, ಅವಳಿಗೆ ಉಸಿರು ಕಟ್ತಾ ಉಂಟು. ಪಕ್ಕದ ಮನೆಯವರು ಆಂಬುಲೆನ್ಸ್ ಕರೆದಿದ್ದಾರೆ. ಮಣಿಪಾಲಕ್ಕೇ ತರ್ತೇವೆ. ನೀನು ಅಲ್ಲಿಗೇ ಬಾ."

ಆಸ್ಪತ್ರೆಯ ಬಾಗಿಲಲ್ಲಿ ಕಾದೆ. ಸ್ಟ್ರೆಚರಿನ ಮೇಲೆ ಅಕ್ಕ ನನ್ನನ್ನು ನೋಡಿ ಹುಬ್ಬು ಮೇಲೆತ್ತಿದಳು. ನಮ್ಮ ಲೆಕ್ಕದಲ್ಲಿ ಕಣ್ಣು ಮುಚ್ಚಿದರೆ ಹೌದು, ಹುಬ್ಬು ಎತ್ತಿದರೆ ಬೇಡ. ಎತ್ತಿದಳು, ಮತ್ತೆ ಎತ್ತಿದಳು. ಏನು ಬೇಡ? ಆಸ್ಪತ್ರೆ ಬೇಡವೋ, ಬಿಟ್ಟು ಹೋಗುವುದು ಬೇಡವೋ, ಆ ಹಾಳು ಬೆಳಕು ಬೇಡವೋ? ಪೆಟ್ಟಿಗೆ ಕಾಪುವಿನ ಮಂಚದಲ್ಲೇ ಉಳಿದಿತ್ತು. ಡಾಕ್ಟರು ಗಂಟಲಿಗೆ ನಳಿಗೆ ಹಾಕಬೇಕು, ಈಗಲೇ ಹೇಳಬೇಕು ಎಂದರು. "ಅಕ್ಕ ಬೇಡ ಅಂತಿದ್ದಾಳೆ ಭಾವ" ಎಂದೆ. "ಹೆದರಿಕೆ ಅವಳಿಗೆ" ಎಂದರು ಭಾವ. "ಹಾಕಿ ಡಾಕ್ಟ್ರೇ."

ಹಾಕಿದರು. ಆಮೇಲೆ ಅದನ್ನು ತೆಗೆಯುವಂತಿಲ್ಲ, ತೆಗೆದರೆ ಉಸಿರಿಲ್ಲ. ಆಟಿ ಮುಗಿದು ಸೋಣ ತಿಂಗಳು ಬರುವವರೆಗೂ ಅಕ್ಕ ಅಲ್ಲಿಯೇ ಇದ್ದಳು. ಸಂಜೆ ಸ್ವಲ್ಪ ಹೊತ್ತು ಒಬ್ಬೊಬ್ಬರೇ ಒಳಗೆ ಹೋಗಬಹುದು. ಪೆಟ್ಟಿಗೆ ತರಬಹುದೇ ಎಂದು ಕೇಳಿದೆ, ಹೊರಗಿನ ಯಂತ್ರ ಒಳಗೆ ಬಿಡುವುದಿಲ್ಲ ಎಂದರು. ಸ್ವಿಚ್ಚು ಒತ್ತುವ ಬೆರಳಿಗೇ ಪ್ರಾಣವಾಯು ಅಳೆಯುವ ಚಿಮಟ ಹಚ್ಚಿದ್ದರು. ಅಕ್ಕ ನನ್ನನ್ನು ನೋಡುತ್ತಿದ್ದಳು. ಬುದ್ಧಿ ಚುರುಕಾಗಿಯೇ ಇತ್ತು, ಡಾಕ್ಟರು ಹೇಳಿದ ಹಾಗೆಯೇ. ಮೊದಮೊದಲು ಹುಬ್ಬು ಎತ್ತುತ್ತಿದ್ದವಳು ಆಮೇಲೆ ಅದನ್ನೂ ಬಿಟ್ಟಳು. ಮನೆಯ ಮಂಚ, ಸಂಜೆಯ ದೀಪ, ಕಡಲಿನ ಸದ್ದು ಒಂದೂ ಇಲ್ಲದೆ, ಗುರುತು ಪರಿಚಯವಿಲ್ಲದವರ ನಡುವೆ ಅವಳು ಸತ್ತಳು. ದೇವರು ಇದ್ದರೆ ನನಗೆ ಉತ್ತರ ಕೊಡಲಿ ಎಂದು ಆ ದಿನ ಹೇಳಿದ್ದೆ. ಈವರೆಗೆ ಕೊಟ್ಟಿಲ್ಲ.

ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದು ನೆಂಟರೆಲ್ಲ ಹೋದ ಮೇಲೆ ಜಗಲಿಯಲ್ಲಿ ನಾವಿಬ್ಬರೇ ಕೂತಿದ್ದೆವು. ಭಾವ ತಾವಾಗಿಯೇ ಹೇಳಿದರು.

"ಆ ದಿನ ಬೆಳಗ್ಗೆ ಅವಳು ಬಸ್ಸಿನ ಬಟನ್ ಒತ್ತಿದ್ದಳು ಸುಮ. ಆಂಬುಲೆನ್ಸ್ ಬರುವ ಮೊದಲು."

ನಾನು ಅವರ ಕಡೆ ತಿರುಗಿದೆ.

"ಚಿತ್ರ ಬೆಳಗಿತು. ನಾನು ಕಿವಿ ಕೊಟ್ಟು ನಿಂತೆ. ಅವಳು ಎಂತ ಹೇಳಿದ್ರೂ ಕೇಳುದು ಅಂತ ಮನಸ್ಸು ಗಟ್ಟಿ ಮಾಡಿಕೊಂಡೇ ನಿಂತೆ. ಪೆಟ್ಟಿಗೆ ಮಾತಾಡ್ಲಿಲ್ಲ. ಮತ್ತೆ ಒತ್ತಿದಳು. ಇಲ್ಲ. ಬಾಕಿ ಎಲ್ಲ ಮಾತಾಡುವ ಪೆಟ್ಟಿಗೆ, ಅದೊಂದಕ್ಕೆ ಬಾಯಿ ಬಿಡ್ಲಿಲ್ಲ. ಆಗ ನನಗೆ ತಿಳೀತು, ಗುಡಿಯ ಅಮ್ಮನಿಗೇ ಇದು ಒಪ್ಪಿಗೆ ಇಲ್ಲ ಅಂತ. ಕಾಪುವಿನ ಅಮ್ಮನೇ ಬಾಯಿ ಕಟ್ಟಿದ್ದು. ಇವಳನ್ನು ಕೊಂಡುಹೋಗು, ಬದುಕ್ತಾಳೆ ಅಂತ. ಅದಕ್ಕೇ ಕರಕೊಂಡು ಬಂದೆ."

"ಭಾವ, ಆ ಏಜೆಂಟ್ ಕೂರಿಸಿದ ದಿನ, ಆ ಬಟನ್ ಒತ್ತಿದ್ರಾ?" ಎಂದು ಕೇಳಿದೆ.

"ಅದನ್ನು ಹೇಗೆ ಒತ್ತುದು ಮಾರಾಯ್ತಿ? ಮೂರುಸಂಜೆ, ಆಗಷ್ಟೇ ದೀಪ ಹಚ್ಚಿದ್ದು. ಆ ಹೊತ್ತಿಗೆ ಅವಳ ಬಾಯಿಯಿಂದ ಪೋಪೆ ಅಂತ ಹೇಳಿಸುದಾ? ಇದೊಂದು ಬಿಡುವನಾ ಅಂತ ಅವಳ ಹತ್ತಿರವೇ ಕೇಳಿದೆ. ಕಣ್ಣು ಮುಚ್ಚಿದಳು. ಅವಳೇ ಹೌದು ಅಂದಳಲ್ವಾ?"

ಹೌದು, ಹೇಳಿರುತ್ತಾಳೆ. ಭಾವನಿಗೆ ಆ ಸಂಜೆ ಅದನ್ನು ಕೇಳುವ ಸಂಕಟ ಬೇಡ ಎಂದು ಹೇಳಿರುತ್ತಾಳೆ. ಅಂದು ಒತ್ತದಿದ್ದರೆ ಆ ಮಾತೇ ಫೈಲಿನಿಂದ ಹೊರಗೆ ಬೀಳುತ್ತದೆ ಎಂದು ಅವಳಿಗೇನು ಗೊತ್ತು? ಭಾವನಿಗೇನು ಗೊತ್ತು? ದನಿ ಸಿಗದಿದ್ದರೆ ಕರ್ಕಶವಾಗಿ ಕೂಗಬೇಡ, ಸುಮ್ಮನಿರು ಎಂದು ಪ್ರೋಗ್ರಾಮಿನಲ್ಲಿ ಬರೆದದ್ದು ನಾನು. ಮಲಗಿದವಳು ಬೆಚ್ಚಬಾರದು ಎಂದು. ಮೂವರೂ ಒಬ್ಬರಿಗೊಬ್ಬರು ನೋವಾಗಬಾರದು ಎಂದೇ ಮಾಡಿದ್ದು. ಅದರ ಫಲ ಇದು. ಎದ್ದು ಅಂಗಳಕ್ಕೆ ಹೋಗಿ, ಮಳೆಯಲ್ಲೇ ಸ್ವಲ್ಪ ಹೊತ್ತು ನಿಂತೆ. ಭಾವ ಕೊಡೆ ಹಿಡಿದುಕೊಂಡು ಹಿಂದೆಯೇ ಬಂದರು.

ಮನೆಗೆ ಬಂದು ಹಳೆಯ ಜಾವಾ ಪ್ರೋಗ್ರಾಮನ್ನು ನನ್ನ ಕಂಪ್ಯೂಟರಿನಲ್ಲಿ ಓಡಿಸಿದೆ. ಅದರಲ್ಲಿ ಎಲ್ಲವೂ ಇತ್ತು. ಕೊನೆಯ ಪುಟಕ್ಕೆ ಹೋಗಿ, ಬಸ್ಸಿನ ಚಿತ್ರ ಒತ್ತಿದೆ. ಇನ್ನು ಯಾರ ಅಪ್ಪಣೆ ಬೇಕು? ಅಕ್ಕನ ದನಿ, ಆ ಮಾವಿನಮಿಡಿ ಕಾಲದ ತೊದಲು ದನಿ, ನಿಧಾನವಾಗಿ ಹೇಳಿತು:

"ಇವರೇ, ಸಾಕು. ನನ್ನನ್ನು ಎಲ್ಲಿಗೂ ಕೊಂಡುಹೋಗಬೇಡಿ. ನಾನು ಇಲ್ಲಿಂದಲೇ ಪೋಪೆ. ನೀವು ಹೇಳದೆ ನನ್ನ ಬಸ್ಸು ಹೊರಡುದಿಲ್ಲ. ಕಂಡಕ್ಟರೇ, ಒಂದು ಸಲ ಪೋಯಿ ಹೇಳಿ."

ಅಷ್ಟೇ.

ಈ ಜೂನಿನಲ್ಲಿ ಲ್ಯಾಬಿನ ಆ ವಾಸನೆ ಬಂದ ಮೇಲೆ ಬಂದ ಭಾನುವಾರ ಕಾಪುವಿಗೆ ಹೋದೆ. ಭಾವ ಇಳಿದುಹೋಗಿದ್ದಾರೆ. ಪೆಟ್ಟಿಗೆ ಈಗಲೂ ಅದೇ ಮಂಚಕ್ಕೆ ತೂಗುತ್ತಿದೆ, ಮೇಲೆ ಅಕ್ಕನ ಹಳೆ ಸೀರೆಯ ತುಂಡು. ಚಾ ಮಾಡಿ ಕೊಟ್ಟರು. ಹೊತ್ತು ಮುಳುಗುವಾಗ ಹೋಗಿ ಪೆಟ್ಟಿಗೆ ಆನ್ ಮಾಡಿದರು. ಅದೇ ವಾಸನೆ. ಫೈಲು ಪಟಕ್ಕನೆ ಎದ್ದಿತು. ಅಷ್ಟು ಚೆನ್ನಾಗಿ ಕಟ್ಟಿದ್ದೇನೆ, ಸುಡಲಿ. ಭಾವ ಒತ್ತಿದರು. "ಸಂಜೆಯಾಯಿತು, ದೀಪ ಹಚ್ಚಿ" ಎಂದಳು ಅಕ್ಕ. ಭಾವ ಕೈಕಾಲು ತೊಳೆದು ದೀಪ ಹಚ್ಚಿದರು. ದಿನಾಲೂ ಹೀಗೆಯೇ ಅಂತೆ.

ಆಮೇಲೆ ನನ್ನ ಎದುರು ಬಂದು ಕೂತರು.

"ಸುಮ, ಒಂದು ಕೇಳ್ತೇನೆ. ಆ ಕೊನೆಯ ಬಟನ್ ಈಗ ಮಾತಾಡುವ ಹಾಗೆ ಮಾಡ್ಲಿಕ್ಕೆ ಆಗ್ತದಾ? ಇನ್ನು ಅಪಶಕುನ ಎಂತದ್ದು. ಅವಳು ಎಂತ ಹೇಳಿದ್ದಳು ಅಂತ ಒಂದು ಸಲ ಕೇಳ್ಬೇಕು ಅಂತ."

ನನ್ನ ಲ್ಯಾಪ್‌ಟಾಪು ಚೀಲದಲ್ಲೇ ಇತ್ತು. ಹಳೆಯ ಜಾವಾ ಪ್ರೋಗ್ರಾಮೂ ಅದರಲ್ಲಿತ್ತು. ತೆಗೆದು ಒತ್ತಿದರೆ ಮುಗಿಯಿತು. ಭಾವನ ಮುಖ ನೋಡಿದೆ. ಅಮ್ಮನೇ ಬಾಯಿ ಕಟ್ಟಿದ್ದು ಎಂಬ ಒಂದು ಮಾತಿನ ಮೇಲೆ ಈ ಮನುಷ್ಯ ಇಷ್ಟು ವರ್ಷ ಊಟ ಮಾಡಿ, ಮಲಗಿ, ಎದ್ದಿದ್ದಾರೆ. ಅದನ್ನು ಕಿತ್ತುಕೊಂಡರೆ ಅವರ ಕೈಗೆ ನಾನು ಕೊಡುವುದೇನನ್ನು? ಕೊಡದಿದ್ದರೆ ಅಕ್ಕನ ಬಾಯಿಯನ್ನು ಇನ್ನೊಮ್ಮೆ ಕಟ್ಟಿದವಳು ನಾನೇ. ಎರಡರಲ್ಲಿ ಒಳ್ಳೆಯದು ಯಾವುದೂ ಇರಲಿಲ್ಲ.

"ಅದರಲ್ಲಿ ಎಂತದೂ ಇಲ್ಲ ಭಾವ" ಎಂದೆ. "ಆ ದಿನ ಅವಳಿಗೆ ಮಾತು ಹೊರಟಿರ್ಲಿಲ್ಲ ಅಂತ ಕಾಣ್ತದೆ. ಬರೇ ಉಸಿರು ಮಾತ್ರ ಉಂಟು."

ಭಾವ ತಲೆಯಾಡಿಸಿದರು. "ಅದೇ, ನನಗೂ ಹಾಗೇ ಕಂಡಿತ್ತು" ಎಂದರು. "ಇದ್ದಿದ್ರೆ ಅವಳು ಹೇಳದೆ ಬಿಡುವವಳಾ?"

ಬಸ್ ಸ್ಟಾಪಿನವರೆಗೆ ಕೊಡೆ ಹಿಡಿದು ಬಂದರು. ಉಡುಪಿಯ ಬಸ್ಸು ಬಂತು. "ಬರ್ಪೆ ಭಾವ" ಎಂದು ಹತ್ತಿ, ಮುಂದಿನ ಸೀಟಿನಲ್ಲಿ ಕೂತೆ. ಕಂಡಕ್ಟರು ಅಂಗಡಿಯ ಮಾಡಿನಡಿಯಲ್ಲಿ ಯಾರೊಂದಿಗೋ ಮಾತಿಗೆ ನಿಂತಿದ್ದ. ಬಸ್ಸು ಅಲ್ಲೇ ನಿಂತು ಗುರುಗುಟ್ಟುತ್ತಿತ್ತು. ಭಾವ ಕಿಟಕಿಯಲ್ಲಿ ನನ್ನನ್ನು ನೋಡಿದರು, ಅಂಗಡಿಯ ಕಡೆ ನೋಡಿದರು. ಆಮೇಲೆ ಕೊಡೆಯನ್ನು ಎಡಗೈಗೆ ದಾಟಿಸಿ, ಬಸ್ಸಿನ ಮೈಗೆ ಅಂಗೈಯಿಂದ ಬಡಿದು, ಹಳೆಯ ಗಟ್ಟಿ ದನಿಯಲ್ಲಿ ಕೂಗಿದರು.

"ರೈಟ್, ಪೋಯಿ."

ಕಂಡಕ್ಟರು ಓಡಿ ಬಂದು ಹತ್ತಿದ. ಬಸ್ಸು ಹೊರಟಿತು.